ಮುನ್ನೂರ ಹನ್ನೆರಡನೆಯ ಕಲ್ಲು

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈಗಲೇ ಎದ್ದು ಹೋಗಬಹುದು. ಮೊನ್ನೆ ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನು ಕೇಳಿ ಒಬ್ಬ ಮಹಾಶಯ, ‘ತಾತ, ವಯಸ್ಸಾಯ್ತು ನಿಮಗೆ, ಊರಿಗೆ ಊರೇ ಗುಡ್ಡ ಹತ್ತಿ ನಿಲ್ಲೋದುಂಟಾ’ ಎಂದು ಬರೆದು, ಪಕ್ಕದಲ್ಲಿ ಹಲ್ಲು ಕಿಸಿಯುವ ಮುಖ ಬೇರೆ ಅಂಟಿಸಿದ್ದಾನೆ. ಅಯ್ಯಾ, ನಿನ್ನೆ ಏನು ತಿಂದೆ ಎಂದು ಹೇಳಲು ನೀನು ಫೋನಿನಲ್ಲಿ ಫೋಟೋ ಹುಡುಕುತ್ತೀಯ. ನಾನು ಇಪ್ಪತ್ತಾರು ವರ್ಷ, ವಾರಕ್ಕೆರಡು ಸಲ, ಎಂಟುನೂರ ಹನ್ನೆರಡು ಹೆಸರುಗಳನ್ನು ತುತ್ತೂರಿಯಂಥ ತಗಡಿನ ಕೊಳವೆಯಲ್ಲಿ ಕೂಗಿದವನು. ಯಾರಿಗೆ ಕೆಮ್ಮಿತ್ತು, ಯಾರು ಯಾರ ಕಡೆ ತಿರುಗಿ ಹೂಂ ಅನ್ನುತ್ತಿದ್ದರು, ಎಲ್ಲವೂ ಇದೆ ಈ ತಲೆಯೊಳಗೆ. ಕೇಳುವುದಾದರೆ ನಡುವೆ ಬಾಯಿ ಹಾಕದೆ ಕೇಳಿ.

ನಮ್ಮ ಊರಿನ ನಡುವೆ ಬಿಸಿ ಕಸದ ಲಾರಿ ಹೋಗುತ್ತಿತ್ತು. ಅಣುಸ್ಥಾವರದಲ್ಲಿ ಉರಿದು ಮುಗಿದ ಮೇಲೂ ಸಾವಿರ ವರ್ಷ ವಿಕಿರಣ ಕಾರುತ್ತಲೇ ಇರುವ ಕಸಕ್ಕೆ ನಾವಿಟ್ಟ ಹೆಸರು ಅದು. ಎಲ್ಲಿಂದ ಬರುತ್ತಿತ್ತು, ಎಲ್ಲಿ ಹೂಳುತ್ತಿದ್ದರು ಎಂದು ಯಾರೂ ಕೇಳಿದವರಲ್ಲ. ಊರ ಬಾಗಿಲಲ್ಲಿ ಗೇಟು. ಲಾರಿಯವರು ಅಲ್ಲಿ ಸುಂಕ ಕಟ್ಟಿ ಒಳಗೆ ಬರಬೇಕು. ಸುಂಕ ಲಾರಿಗೆ ಇಷ್ಟು ಅಂತಲ್ಲ, ಊರಿನ ತಲೆಗೆ ಇಷ್ಟು ಅಂತ. ಅಪಾಯವಾದರೆ ಎಷ್ಟು ತಲೆ ಕಾಯಬೇಕೋ ಅಷ್ಟು ತಲೆಯ ಸುಂಕ. ಆ ದುಡ್ಡನ್ನು ತುರ್ತು ಸಿದ್ಧತೆಗಲ್ಲದೆ ಇನ್ನಾವುದಕ್ಕೂ ಮುಟ್ಟುವಂತಿಲ್ಲ. ತಲೆಗಳು ಇವೆ ಎಂದು ತೋರಿಸಬೇಕಲ್ಲ? ಅದಕ್ಕೇ ಲಾರಿ ಬಂದಾಗಲೆಲ್ಲ ಊರೆಲ್ಲ ಪಕ್ಕದ ಗುಡ್ಡ ಹತ್ತಿ, ತಂತಮ್ಮ ನಂಬರಿನ ಕಲ್ಲಿನ ಮೇಲೆ ನಿಂತು, ನಾನು ಕೂಗಿದಾಗ ಓಗೊಡಬೇಕು. ಲಾರಿ ಊರು ದಾಟಿದ ಮೇಲೆ ಇಳಿಯಬೇಕು. ನನ್ನನ್ನು ಎಲ್ಲರೂ ಹಾಜರಿ ಕೆಂಪಣ್ಣ ಎನ್ನುತ್ತಿದ್ದರು.

ಮನುಷ್ಯ ಎಲ್ಲದಕ್ಕೂ ಒಗ್ಗುತ್ತಾನೆ. ಕ್ಷೌರದವನು ಪೆಟ್ಟಿಗೆ ಹೊತ್ತು ಗುಡ್ಡಕ್ಕೇ ಬಂದ. ಹೆಣ್ಣು ನೋಡುವುದು, ಗಂಡು ನೋಡುವುದು, ಹಳೆಯ ಜಗಳಕ್ಕೆ ಹೊಸ ಬೈಗುಳ ಸೇರಿಸುವುದು ಎಲ್ಲ ಅಲ್ಲೇ. ಒಂದೇ ಒಂದು ತಕರಾರು, ಕಲ್ಲುಗಳದ್ದು. ಹೆಸರು ಬರೆಸಿದ ಸರತಿಯಂತೆ ನಂಬರು ಕೊಟ್ಟಿದ್ದರಿಂದ ಮೇಲುಕೇರಿಯವನ ಪಕ್ಕ ಕೆಳಕೇರಿಯವನು ಬಂದುಬಿಟ್ಟಿದ್ದ. ಮೇಲುಕೇರಿಯವರು ಅರ್ಜಿ ಕೊಟ್ಟರು: ಬೆಳಗಿನ ಹೊತ್ತು ಅವರ ನೆರಳು ನಮ್ಮ ಮೇಲೆ ಬೀಳುತ್ತದೆ, ಆದ್ದರಿಂದ ದಯವಿಟ್ಟು ಲಾರಿ ನಡುಹಗಲು ಹನ್ನೆರಡಕ್ಕೆ ಸರಿಯಾಗಿ ಬರುವಂತೆ ಮಾಡಬೇಕು. ಸಾವಿರ ವರ್ಷ ವಿಷ ಕಾರುವ ಪೀಪಾಯಿ ಮನೆ ಮುಂದೆ ಹೋದರೆ ಚಿಂತೆಯಿಲ್ಲ, ನೆರಳು ತಾಗಬಾರದು. ವಿಚಿತ್ರವೆಂದರೆ ಅರ್ಜಿ ಮಂಜೂರಾಯಿತು. ಅಂದಿನಿಂದ ಲಾರಿ ಹನ್ನೆರಡಕ್ಕೇ ಬಂತು, ಊರೆಲ್ಲ ನೆತ್ತಿ ಸುಟ್ಟುಕೊಂಡಿತು, ಛತ್ರಿ ರಿಪೇರಿ ಅಂಕಯ್ಯ ಒಬ್ಬ ಉದ್ಧಾರವಾದ.

ಸುಂಕದ ದುಡ್ಡಿನಲ್ಲಿ ನಾವು ಸಿದ್ಧವಾದೆವು ನೋಡಿ, ಅಂಥ ಸಿದ್ಧತೆ ಯಾವ ರಾಜಧಾನಿಯಲ್ಲೂ ಇದ್ದಿರಲಾರದು. ತೆಂಗಿನ ಮರದ ಎರಡರಷ್ಟು ಎತ್ತರದ ಸೈರನ್ ಕಂಬ. ಒಂಬೈನೂರು ಜೊತೆ ರಬ್ಬರು ಬೂಟು. ಮೂರು ಆಂಬುಲೆನ್ಸು. ಶಾಲೆಯ ಮಾಡು ಸೋರುತ್ತಿತ್ತು. ಮಾಡು ತುರ್ತಲ್ಲ, ಹೆಲ್ಮೆಟ್ಟು ತುರ್ತು. ಹಾಗಾಗಿ ಮಕ್ಕಳು ಹೆಲ್ಮೆಟ್ಟು ಹಾಕಿಕೊಂಡು ಮಗ್ಗಿ ಒಪ್ಪಿಸುತ್ತಿದ್ದವು. ಗುಡ್ಡದ ಮೇಲೆ ಒಂದು ನೀರಿನ ನಲ್ಲಿ ಹಾಕಿಸಿ ಎಂದರೆ ಪಂಚಾಯಿತಿ ಅಧ್ಯಕ್ಷ ಗುರುಮಲ್ಲಪ್ಪ, “ಬಾಯಾರಿಕೆ ದಿನಾ ಆಗೋದು ಕಣ್ರಯ್ಯಾ, ಅದು ಹೆಂಗೆ ತುರ್ತಾಯ್ತದೆ?” ಎಂದ.

ಇದೇ ಗುರುಮಲ್ಲಪ್ಪನ ತಾಯಿ ತೀರಿಕೊಂಡಾಗ ಊರಿನ ದೊಡ್ಡ ಪದ್ಧತಿ ಶುರುವಾಯಿತು. ಸತ್ತವರ ಹೆಸರು ಹೊಡೆದುಹಾಕಿದರೆ ಒಂದು ತಲೆಯ ಸುಂಕ ಹೋಗುತ್ತದೆ. ಅವನು ಮುದುಕಿಯ ಊರುಗೋಲನ್ನು ಅವಳ ಕಲ್ಲಿನ ಮೇಲೆ ಮಲಗಿಸಿ, ನಾನು ಅವಳ ಹೆಸರು ಕೂಗುತ್ತಲೇ “ಬಂದವ್ಳೆ” ಎಂದ. ನಾನು ತಲೆಯೆತ್ತಿ ನೋಡಿದೆ. “ಏನಯ್ಯಾ ನೋಡ್ತೀಯ? ನಮ್ಮವ್ವ ಹೋದ್ಲು ಅಂತ ಊರಿಗೆ ಲುಕ್ಸಾನು ಮಾಡಕ್ಕಾಯ್ತದಾ? ಹಾಕು ಹಾಜರಿ.” ಹಾಕಿದೆ. ಅಧ್ಯಕ್ಷನ ತಾಯಿಯೇ ಸಾಯದ ಮೇಲೆ ಉಳಿದವರು ಸಾಯಲು ಯಾವ ಲೆಕ್ಕದವರು? ಅಲ್ಲಿಂದ ಯಾರು ಸತ್ತರೂ ಅವರ ಟವೆಲ್ಲೋ ಕನ್ನಡಕವೋ ಎಲೆಯಡಿಕೆ ಚೀಲವೋ ಕಲ್ಲಿನ ಮೇಲೆ ಬಂದು ಕೂರುತ್ತಿತ್ತು, ಮನೆಯವರು “ಬಂದವ್ರೆ” ಎನ್ನುತ್ತಿದ್ದರು. ತಿಥಿ ಇಲ್ಲ, ತಲೆ ಬೋಳಿಸುವಂತಿಲ್ಲ, ಗೋಳಾಡಿ ಅಳುವಂತಿಲ್ಲ. ಲಾರಿಯವರು ಕೇಳಿಸಿಕೊಂಡರೆ? ಹೀಗೆ ತೊಂಬತ್ತಮೂರು ಜನ ಸತ್ತೂ ಹಾಜರಿದ್ದರು. ಅದರಲ್ಲಿ ಮುನ್ನೂರ ಹನ್ನೆರಡನೆಯ ಕಲ್ಲು ಮರಿಸ್ವಾಮಿಯದು. ಅವನ ಹೆಂಡತಿ ಚಿಕ್ಕತಾಯಮ್ಮನ ಕಥೆಯನ್ನೇ ನಾನು ಹೇಳಹೊರಟಿರುವುದು.

ಮರಿಸ್ವಾಮಿ ಬಣ್ಣ ಬಳಿಯುವವನು. ಸೈರನ್ ಕಂಬಕ್ಕೆ ಕೆಂಪು ಬಿಳಿ ಪಟ್ಟೆ ಹೊಡೆಯಲು ಹತ್ತಿದವನು ಮೇಲಿನಿಂದ ಜಾರಿದ. ಬಿದ್ದಾಗ ಉಸಿರಿತ್ತು. ಮೂರು ಆಂಬುಲೆನ್ಸು ಮೂವತ್ತು ಹೆಜ್ಜೆಯಲ್ಲಿ ಸಾಲಾಗಿ ನಿಂತಿದ್ದವು. ಚಿಕ್ಕತಾಯಮ್ಮ ಓಡಿಬಂದು ಅಧ್ಯಕ್ಷನ ಕಾಲಿಗೆ ಬಿದ್ದಳು. “ತಾಯಿ, ಅವು ಬಿಸಿ ಕಸದಿಂದಾದ ಗಾಯಕ್ಕೆ ಮಾತ್ರ. ಬಿದ್ದ ಗಾಯಕ್ಕೆ ಅಲ್ಲ. ಮೀಟ್ರು ಓಡುದ್ರೆ ತನಿಖೆಗೆ ಉತ್ತರ ಕೊಡೋರ್ಯಾರು?” ಎಂದ ಗುರುಮಲ್ಲಪ್ಪ. ಬಾಗಿಲೊಂದನ್ನು ಕಿತ್ತು ಅದರ ಮೇಲೆ ಮಲಗಿಸಿ ನಾಲ್ವರು ಹೊತ್ತರು. ಎರಡು ಮೈಲಿ ಹೋಗುವಷ್ಟರಲ್ಲಿ ಅವನಿಗೆ ಯಾವ ಗಾಡಿಯೂ ಬೇಡವಾಯಿತು. ಮೂರನೆಯ ದಿನ ಲಾರಿ ಬಂತು. ಚಿಕ್ಕತಾಯಮ್ಮ ಬಣ್ಣದ ಕಲೆಯ ಟವೆಲ್ಲನ್ನು ಕಲ್ಲಿನ ಮೇಲೆ ಹಾಸಿ, ಗಾಳಿಗೆ ಹಾರದಂತೆ ಹರಳಿಟ್ಟು, ನಾನು ಕೂಗಿದ್ದಕ್ಕೆ “ಬಂದವ್ರೆ” ಎಂದಳು. ಒಂಬತ್ತು ವರ್ಷ ಹಾಗೆಯೇ ಅಂದಳು.

ಅಂಕಯ್ಯನ ಕಲ್ಲು ಎಲ್ಲೋ ಕೆಳಗೆ, ಐವತ್ತೆಂಟನೆಯದು. ಆದರೂ ಅವಳ ಛತ್ರಿಯ ಕಡ್ಡಿ ಮಾತ್ರ ಮೇಲಿಂದ ಮೇಲೆ ಮುರಿಯುತ್ತಿತ್ತು. ಊರೇ ನೋಡಿ ನಕ್ಕಿತು. ಕೊನೆಗೆ ಅಂಕಯ್ಯನೇ ಗಟ್ಟಿ ಮನಸ್ಸು ಮಾಡಿ ಕೇಳಿದ: “ಚಿಕ್ಕತಾಯಿ, ಕಡ್ಡಿಗೆ ಎಷ್ಟು ಸಲ ತಂತಿ ಸುತ್ಲಿ? ಒಂದೇ ಛತ್ರಿ ಕೆಳಗೆ ಇಬ್ರೂ ಇದ್ಬುಡನ.” ಅವಳು ಬೇಡ ಅನ್ನಲಿಲ್ಲ. “ಮೊದ್ಲು ಅವ್ರ ಸಾವಿಗೊಂದು ಕಾಗ್ದ ಕೊಡ್ಸು. ಬದುಕಿರೋ ಗಂಡನ್ನ ಮಗ್ಗುಲಲ್ಲಿ ಇಟ್ಕೊಂಡು ನಾನು ಹೆಂಗ್ ಬರ್ಲಿ?” ಎಂದಳು.

ಕಾಗದ ಕೇಳಲು ಪಂಚಾಯಿತಿಗೆ ಬಂದಳು. ಗುರುಮಲ್ಲಪ್ಪ ಕುರ್ಚಿಯಿಂದ ಎದ್ದೇಬಿಟ್ಟ. “ಏನಮ್ಮಾ, ಮೊನ್ನೆ ಮಂಗಳವಾರ ಗಂಡ ಗುಡ್ಡಕ್ಕೆ ಬಂದಿದ್ದ ಅಂತ ನೀನೇ ಹೇಳಿದ್ದೀಯ. ಕಟ್ಕೊಂಡೋನು ಇರುವಾಗ್ಲೇ ಇನ್ನೊಬ್ಬನ್ ಛತ್ರಿ ಕೆಳಗೆ ಹೋಗ್ತೀನಿ ಅಂತೀಯಲ್ಲ, ಊರಿಗೆ ಮರ್ಯಾದೆ ಅನ್ನೋದು ಬ್ಯಾಡ್ವಾ?”

“ಅವ್ರನ್ನ ಮಣ್ಣು ಮಾಡ್ದಾಗ ಹೆಗಲು ಕೊಟ್ಟೋರು ನೀವೇ ಅಲ್ವಾ ಅಣ್ಣಾ?”

“ಅದು ಬೇರೆ, ಇದು ಬೇರೆ. ಏನಯ್ಯಾ ಕೆಂಪಣ್ಣ?”

ನಾನು ಪುಸ್ತಕ ತೆಗೆದು ತೋರಿಸಿದೆ. ಮಂಗಳವಾರ, ಮರಿಸ್ವಾಮಿ, ಹಾಜರು. ನನ್ನ ಅಕ್ಷರ ಆಗ ದುಂಡಗಿತ್ತು.

ಹೀಗಿರುವಾಗ ಒಂದು ದಿನ, ಊರು ಇನ್ನೂ ಗುಡ್ಡ ಹತ್ತುವ ಮೊದಲೇ, ಲಾರಿ ಗೇಟಿನಲ್ಲೇ ಮಗುಚಿತು. ಡ್ರೈವರು ಸುಂಕದ ಚೀಟಿ ಹುಡುಕಲು ಬಗ್ಗಿದ್ದನಂತೆ. ಆರು ಪೀಪಾಯಿ ಚರಂಡಿಗೆ ಉರುಳಿದವು. ಒಂದು ಹನಿ ಸೋರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಆಗ ಯಾರಿಗೆ ಗೊತ್ತು? ಸೈರನ್ನು ಅಷ್ಟು ವರ್ಷದಲ್ಲಿ ಮೊದಲ ಸಲ ನಿಜವಾಗಿ ಕೂಗಿತು. ಒಂಬೈನೂರು ಜೊತೆ ಬೂಟು ಇದ್ದ ಕೋಣೆಯ ಬೀಗ ತೆಗೆಯಲು ಮೂರು ಸಹಿ ಬೇಕಾಗಿತ್ತು. ಎಲ್ಲರೂ ಬರಿಗಾಲಲ್ಲಿ ಗುಡ್ಡ ಹತ್ತಿದರು. ಅಭ್ಯಾಸ ಬಲ ನೋಡಿ, ಜೀವ ಬಾಯಿಗೆ ಬಂದಿದ್ದರೂ ಸತ್ತವರ ಟವೆಲ್ಲು, ಕನ್ನಡಕಗಳನ್ನು ಒಬ್ಬರೂ ಮರೆತು ಬಂದಿರಲಿಲ್ಲ.

ಒಂದು ಗಂಟೆಯಲ್ಲಿ ಮೇಲಿನ ಕಚೇರಿಯಿಂದ ಮೇಡಂ ಬಂದರು, ಜೊತೆಗೆ ಬಿಳಿ ಕವಚ ತೊಟ್ಟ ನಾಲ್ವರು. ಮೇಡಂ ನಾಲ್ಕು ವರ್ಷದಿಂದ ನಮ್ಮ ಹಾಜರಿ ಪುಸ್ತಕಕ್ಕೆ ತಿಂಗಳು ತಿಂಗಳು ಸಹಿ ಹಾಕುತ್ತಿದ್ದವರು. ಗುಡ್ಡವನ್ನು ಕಣ್ಣಿಂದ ನೋಡಿದ್ದು ಅಂದೇ. ಅಪಾಯ ನಿಜವಾದಾಗಿನ ನಿಯಮ ಬೇರೆ ಎಂದರು. ಓಗೊಟ್ಟರೆ ಸಾಲದು, ಒಬ್ಬೊಬ್ಬರನ್ನೂ ಮುಟ್ಟಿ ಎಣಿಸಿ ಅಂಗೈಗೆ ಮುದ್ರೆ ಒತ್ತಬೇಕು. ಪುಸ್ತಕದ ತಲೆ, ಗುಡ್ಡದ ತಲೆ ಸರಿಹೊಂದುವ ತನಕ ಒಬ್ಬರೂ ಇಳಿಯುವಂತಿಲ್ಲ. ಎಣಿಸಿದರು. ಏಳುನೂರ ಹತ್ತೊಂಬತ್ತು.

“ಇನ್ನು ತೊಂಬತ್ತಮೂರು ಜನ ಊರೊಳಗೇ ಸಿಕ್ಕಿಹಾಕ್ಕೊಂಡಿದ್ದಾರೆ!” ಎಂದು ಮೇಡಂ ಕಿರುಚಿದರು. ಬಿಳಿ ಕವಚದವರು ಓಡಿಹೋಗಿ ಮನೆಮನೆ ಬಾಗಿಲು ಒದ್ದರು. ಅಟ್ಟ ಹುಡುಕಿದರು, ಬಾವಿಗೆ ಇಣುಕಿದರು. ಸತ್ತವರನ್ನು ಅಷ್ಟು ಶ್ರದ್ಧೆಯಿಂದ ಹುಡುಕಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಮೇಲೆ ನೆತ್ತಿ ಸುಡುವ ಬಿಸಿಲು, ಒಂದು ತೊಟ್ಟು ನೀರಿಲ್ಲ. ಮಕ್ಕಳು ಅಳಲು ಶುರುಮಾಡಿದವು. ಗುರುಮಲ್ಲಪ್ಪನ ಬಾಯಿ ಮೊದಲ ಸಲ ಒಣಗಿದ್ದನ್ನು ಕಂಡೆ.

“ಬಂಧುಗಳ ಊರಿಗೆ ಹೋಗವ್ರೆ ಅನ್ನಿ ಎಲ್ರೂ,” ಎಂದು ಅವನು ಸಾಲುಸಾಲಿಗೆ ಪಿಸುಗುಟ್ಟಿಕೊಂಡು ಬಂದ. ಮೇಡಂ ಹೇಳಿದಂತೆ ನಾನು ಪುಸ್ತಕ ಹಿಡಿದು ಇಲ್ಲದವರ ಹೆಸರು ಕೂಗತೊಡಗಿದೆ. ಗುರುಮಲ್ಲಪ್ಪನ ತಾಯಿ ಮಗಳ ಬಾಣಂತನಕ್ಕೆ ಹೋದಳು. ಪುಣ್ಯಾತ್ಗಿತ್ತಿ ಬದುಕಿದ್ದರೆ ನೂರಾ ನಾಲ್ಕು ವರ್ಷ. ಒಬ್ಬ ಸಂತೆಗೆ ಹೋದ, ಒಬ್ಬಳು ತೀರ್ಥಯಾತ್ರೆಗೆ. ಹೀಗೆ ಹನ್ನೆರಡು ಜನ ಪ್ರಯಾಣ ಹೊರಟ ಮೇಲೆ ಹೆಸರು ಬಂತು.

“ಮುನ್ನೂರ ಹನ್ನೆರಡು, ಮರಿಸ್ವಾಮಿ!”

ಗುರುಮಲ್ಲಪ್ಪ ಚಿಕ್ಕತಾಯಮ್ಮನ ಹಿಂದೆಯೇ ನಿಂತು ಕೆಮ್ಮಿದ.

“ಸತ್ತೋದ್ರು,” ಎಂದಳು.

“ಯಾರು?” ಮೇಡಂ ತಿರುಗಿದರು. “ಈಗಾ? ಎಲ್ಲಿ?”

“ಈಗಲ್ಲ. ಒಂಬತ್ತು ವರ್ಷ ಆಯ್ತು. ಆ ಕಂಬದಿಂದ ಬಿದ್ದು. ಅವತ್ತು ಕೂಗದಿದ್ದ ಕಂಬ ಇವತ್ತು ಊರೆಲ್ಲ ಕೇಳಂಗೆ ಕೂಗ್ತು.”

ಆಮೇಲೆ ಪಕ್ಕದ ಕಲ್ಲಿನ ಮುದುಕ, ಕುರಿ ಕಾಯುವ ಕಾಡಪ್ಪ, ಸಂತೆಗೆ ಕಳಿಸಿದ್ದ ಅಣ್ಣನ ಕನ್ನಡಕವನ್ನು ಎದೆಗೆ ಒತ್ತಿಕೊಂಡು, “ನಮ್ಮಣ್ಣನೂ ಸತ್ತವ್ನೆ ತಾಯಿ, ಅವನಿಗೊಂದು ಎಡೆ ಕೂಡ ಇಡ್ನಿಲ್ಲ ನಾನು,” ಎಂದು ಗೊಳೋ ಎಂದ. ಅಷ್ಟೇ. ಕಟ್ಟೆ ಒಡೆದ ಹಾಗಾಯಿತು. ಅಲ್ಲೊಬ್ಬಳು ಎದೆ ಬಡಿದುಕೊಂಡಳು, ಇಲ್ಲೊಬ್ಬ ಟವೆಲ್ಲಿನಲ್ಲಿ ಮುಖ ಹೂತ. ಹತ್ತು, ಹದಿನೈದು ವರ್ಷದ ಹಿಂದಿನ ಸಾವುಗಳಿಗೆಲ್ಲ ಆ ನಡುಹಗಲು ಅಳು ಬಂತು. ಮೇಲುಕೇರಿ, ಕೆಳಕೇರಿ ಒಂದನ್ನೊಂದು ತಬ್ಬಿಕೊಂಡಿದ್ದವು. ನೆರಳು ಯಾರದ್ದು ಯಾರ ಮೇಲಿತ್ತೋ ನೋಡುವವರಿರಲಿಲ್ಲ. ಗುರುಮಲ್ಲಪ್ಪನೂ ತಾಯಿಯ ಊರುಗೋಲು ಹಿಡಿದು ಅತ್ತ. ಸುಳ್ಳು ಅಳುವಲ್ಲ ಅದು, ನಾನು ಬಲ್ಲೆ. ಆದರೆ ಒಂದು ಕಣ್ಣು ಮೇಡಂ ಕಡೆಗಿತ್ತು.

ಮೇಡಂ ಅಳಲಿಲ್ಲ. ಪುಸ್ತಕದ ಹಾಳೆ ತಿರುವುತ್ತಿದ್ದರು. ಪ್ರತಿ ತಿಂಗಳ ಕೊನೆಗೆ ತಮ್ಮದೇ ಸಹಿ. ಹೆಣಗಳಿಗೆ ನಾಲ್ಕು ವರ್ಷ ಹಾಜರಿ ದೃಢೀಕರಿಸಿದ ಅಧಿಕಾರಿ ಎಂದರೆ ಕೆಲಸ ಉಳಿದೀತೇ? ಅವರು ಪುಸ್ತಕ ಮುಚ್ಚಿ, ಮೆಲ್ಲಗೆ ಹೇಳಿದರು: “ನೋಡಿ, ಹೋದ ಶುಕ್ರವಾರದವರೆಗೂ ಇವರೆಲ್ಲ ಹಾಜರಿದ್ದಾರೆ. ಇದ್ದವರು ಇವತ್ತು ಇಲ್ಲ. ಅಂದಮೇಲೆ ಇವತ್ತೇ ಹೋಗಿದ್ದಾರೆ. ಮಗುಚಿದ ಲಾರಿಯಿಂದ.”

ಗುರುಮಲ್ಲಪ್ಪನ ಕಣ್ಣೀರು ಕೂಡಲೇ ಆರಿತು. “ಪರಿಹಾರ?” ಎಂದ.

“ಕಾನೂನು ಪ್ರಕಾರ.”

“ಹೆಣ ಕೇಳುದ್ರೆ?”

“ಬಿಸಿ ಕಸಕ್ಕೆ ಸಿಕ್ಕಿದ ಹೆಣ ಯಾರೂ ನೋಡೋ ಹಾಗಿಲ್ಲ.”

ಹೀಗೆ ನಮ್ಮೂರಿನ ಸತ್ತವರೆಲ್ಲ ಒಟ್ಟಿಗೆ ಸತ್ತರು. ಮನೆಯವರು ಸಾಲಾಗಿ ಬಂದು ಅಂದಿನ ತಾರೀಖಿಗೆ ರುಜು ಹಾಕಿದರು. ಅತ್ತು ಸುಸ್ತಾಗಿದ್ದರು, ಬಾಯಾರಿತ್ತು, ಕೆಳಗೆ ಮನೆಯಿತ್ತು. ಯಾರನ್ನೂ ನಾನು ಬೈಯುವುದಿಲ್ಲ. ಚಿಕ್ಕತಾಯಮ್ಮ ಮಾತ್ರ ಲೇಖನಿ ಮುಟ್ಟಲಿಲ್ಲ.

“ಕಂಬದಿಂದ ಬಿದ್ದು ಅಂತ ಬರೀರಿ. ಗಾಡಿ ಕೊಡ್ನಿಲ್ಲ ಅಂತ್ಲೂ ಬರೀರಿ. ಎರಡು ಕೈಯಲ್ಲೂ ರುಜು ಹಾಕ್ತೀನಿ.”

“ಅಮ್ಮಾ, ಒಂದು ಹೆಸರು ಒಂಬತ್ತು ವರ್ಷದ ಹಿಂದೆ ಹೋದರೆ ಎಲ್ಲರದ್ದೂ ಹೋಗುತ್ತೆ,” ಎಂದರು ಮೇಡಂ.

“ಹೋಗ್ಲಿ. ನಿಜ್ವಾಗ್ಲೂ ಹೋಗವ್ರಲ್ಲ.”

ಸಾಲಿನಿಂದ ಬೈಗುಳ ಬಂದವು. “ಮಗ ಬಿಸಿಲಿಗೆ ಬಾಡ್ತಾ ಐತೆ ಕಣೇ, ಹಾಕೇ ರುಜುವ!” “ಗಂಡ ಬೇಕಂತೆ, ಛತ್ರಿಯೋನೂ ಬೇಕಂತೆ, ಈಗ ಸತ್ಯ ಬೇರೆ ಬೇಕಂತೆ ಇವ್ಳಿಗೆ!” ಅಂಕಯ್ಯ ತನ್ನ ಕಲ್ಲು ಬಿಟ್ಟು ಮೇಲೆ ಬಂದು ಅವಳ ತಲೆಯ ಮೇಲೆ ಛತ್ರಿ ಹಿಡಿದು ನಿಂತ. ಅವಳು ಅಲ್ಲಾಡಲಿಲ್ಲ. ಎರಡು ಗಂಟೆಯಾಯಿತು, ಮೂರಾಯಿತು. ಕೂಸೊಂದು ಅಳುವುದನ್ನೂ ನಿಲ್ಲಿಸಿತು.

ಆಗ ಗುರುಮಲ್ಲಪ್ಪ ಕ್ಷೌರದವನ ಪೆಟ್ಟಿಗೆಯಿಂದ ಬ್ಲೇಡು ತಂದು ನನ್ನ ಕೈಗಿಟ್ಟ. “ಕೆಂಪಣ್ಣ, ಒಂದೇ ಹೆಸ್ರು. ಇಲ್ದೇ ಇರೋನಿಗೆ ಸಾವೂ ಇಲ್ಲ, ತಾರೀಖೂ ಇಲ್ಲ.” ಮೇಡಂ ದೂರದ ಪೀಪಾಯಿಗಳನ್ನು ನೋಡುತ್ತಾ ನಿಂತರು. ನಾನು ಗುಡ್ಡದ ಬಂಡೆಯ ಹಿಂದೆ ಕೂತು ಊರವರ ಹೆಸರು ಬರೆಸಿದ ಮೂಲ ಪುಸ್ತಕದಿಂದ ಆ ಸಾಲನ್ನು ಕೆರೆದೆ. ಹಿಂದಿನ ವರ್ಷಗಳ ಹಾಜರಿ ಪುಸ್ತಕಗಳನ್ನು ಆ ವಾರವೇ, ಅವನ ಹೆಸರಿಲ್ಲದೆ, ಹೊಸದಾಗಿ ಬರೆದೆ. ಬಂಡೆಯ ಹಿಂದಿನಿಂದ ಎದ್ದು ಬಂದು ಚಿಕ್ಕತಾಯಮ್ಮನಿಗೆ, “ಬರೆದಾಯ್ತು ಕಣವ್ವ, ನೀನ್ ಹೇಳ್ದಂಗೇ. ರುಜು ನಾಳೆ, ಕಾಗ್ದದ ಜೊತೆ,” ಎಂದೆ. ನನ್ನ ಮುಖ ನೋಡಿ ನಂಬಿದಳು. ತೊಂಬತ್ತೆರಡು ಸತ್ತವರು, ಏಳುನೂರ ಹತ್ತೊಂಬತ್ತು ಬದುಕಿದವರು. ಲೆಕ್ಕ ಸರಿಹೋಯಿತು, ಊರು ಇಳಿಯಿತು.

ಮಾರನೆಯ ದಿನ ಕಾಗದಕ್ಕೆಂದು ಬಂದಳು. ಗುರುಮಲ್ಲಪ್ಪನೇ ಹೇಳಿದ: “ಆ ಹೆಸ್ರಿನೋರು ನಮ್ಮೂರಲ್ಲಿ ಯಾವತ್ತೂ ಇರ್ನಿಲ್ಲ ಕಣವ್ವ. ನಿಂಗೆ ಮದ್ವೇನೇ ಆಗಿಲ್ಲ. ನಾಳೇನೇ ಅಂಕಯ್ಯನ್ನ ಕಟ್ಕೋ, ಊಟಕ್ಕೆ ನಾನೂ ಬರ್ತೀನಿ.”

ಅವಳು ನನ್ನ ಕಡೆ ತಿರುಗಿದಳು. “ಕೆಂಪಣ್ಣ, ಒಂಬತ್ತು ವರ್ಷ ಬಂದವ್ರೆ ಬಂದವ್ರೆ ಅಂದ್ನಲ್ಲ, ಯಾರಿಗಂದೆ ನಾನು?”

ನಾನು ಮೇಜಿನ ಮೇಲಿನ ಧೂಳು ಒರೆಸುತ್ತಿದ್ದೆ.

ಮದುವೆಯಾಯಿತು. ಗುರುಮಲ್ಲಪ್ಪ ಬಂದು ಎರಡು ಸಲ ಪಾಯಸ ಹಾಕಿಸಿಕೊಂಡ. ಗೇಟಿನ ಬಳಿ ತೊಂಬತ್ತೆರಡು ಹೆಸರಿನ ಅಮೃತಶಿಲೆ ನಿಂತಿತು; ಮೊದಲ ಹೆಸರು ಅವನ ತಾಯಿಯದು, ಲಾರಿಗೆ ಎದೆಯೊಡ್ಡಿದಳು ಎಂದು ಬೇರೆ ಕೆತ್ತಿಸಿದ. ಅಪಾಯದ ಊರು ಎಂದು ಹೆಸರಾದ ಮೇಲೆ ಲಾರಿಯ ಸುಂಕ ಮೂರು ಪಟ್ಟಾಯಿತು. ಇನ್ನೂ ಮೂರು ಆಂಬುಲೆನ್ಸು ಬಂದವು.

ಮುಂದಿನ ಲಾರಿಯ ದಿನ ನಾನು ಏಳುನೂರ ಹತ್ತೊಂಬತ್ತು ಹೆಸರು ಕೂಗಿ ಕೊಳವೆ ಕೆಳಗಿಟ್ಟೆ. ಆಗ ಚಿಕ್ಕತಾಯಮ್ಮ ತನ್ನ ಕಲ್ಲಿನಿಂದ ಇಳಿದು, ಖಾಲಿ ಬಿದ್ದಿದ್ದ ಮುನ್ನೂರ ಹನ್ನೆರಡನೆಯದರ ಮೇಲೆ ಹತ್ತಿ ನಿಂತಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಕಾಲದ ಹೆಣ್ಣು. ಗಂಡನ ಹೆಸರು ಹೇಳಿಸುವ ಮದುವೆಯ ಒಗಟಿನಲ್ಲೂ ತುಟಿಯೊಳಗೇ ಹೇಳಿದ್ದಳಂತೆ. ಗುಡ್ಡ ನಡುಗುವ ಹಾಗೆ ಕೂಗಿದಳು: “ಮರಿಸ್ವಾಮಿ!” ತಾನೇ ಓಗೊಟ್ಟಳು: “ಸತ್ತೋದ್ರು. ಸೈರನ್ ಕಂಬದಿಂದ ಬಿದ್ದು. ಗಾಡಿ ಕೊಡ್ನಿಲ್ಲ.” ಅಂಕಯ್ಯ ಕೆಳಗೆ ಛತ್ರಿ ಮಡಿಸಿ ಕೈಕಟ್ಟಿ ನಿಂತಿದ್ದ. ವಾರಕ್ಕೆರಡು ಸಲ, ಹದಿನಾಲ್ಕು ವರ್ಷ ಕೂಗಿದಳು. ಹುಚ್ಚಿ ಎಂದರು, ದಂಡ ಹಾಕಿದರು, ಆಮೇಲೆ ಅದಕ್ಕೂ ಒಗ್ಗಿದರು. ಅವಳು ಕೂಗುವವರೆಗೆ ಇಳಿಯಬಾರದೆಂದು ಮಕ್ಕಳು ತಿಳಿದುಕೊಂಡಿದ್ದವು.

ಹೋದ ವರ್ಷ ಅವಳೂ ಹೋದಳು. ಈಗ ಗುಡ್ಡದಲ್ಲಿ ಕೂಗುವವರಿಲ್ಲ, ಹೆಬ್ಬೆಟ್ಟು ಒತ್ತುವ ಯಂತ್ರ ಬಂದಿದೆ. ಅದಕ್ಕೇ ನಿಮಗಿದನ್ನು ಕಳಿಸುತ್ತಿರುವುದು. ಕೇಳಿ ಅಳಿಸಿಬಿಡಬೇಡಿ, ಒಬ್ಬರಿಗಾದರೂ ದಾಟಿಸಿ. ಉಳಿದದ್ದೆಲ್ಲ ಮರೆತರೂ ಚಿಂತೆಯಿಲ್ಲ, ಮೂರು ಮಾತು ಬಿಡಬೇಡಿ: ಅವನ ಹೆಸರು ಮರಿಸ್ವಾಮಿ, ಅವನು ಸತ್ತದ್ದು ಸೈರನ್ ಕಂಬದಿಂದ ಬಿದ್ದು, ಪುಸ್ತಕದಿಂದ ಅವನನ್ನು ಕೆರೆದು ತೆಗೆದವನು ಹಾಜರಿ ಕೆಂಪಣ್ಣ.